ಹಳೇ ಬ್ಯಾಟರಿ ಒಯ್ಯೋ ಗಾಡಿ ಎಲ್ಲಿಗೆ ಹೋಗುತ್ತೆ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಕೈಕೊಟ್ಟಿತು. ಐದು ವರ್ಷ ದುಡಿದಿತ್ತು, ಪಾಪ. ಹುಬ್ಬಳ್ಳಿಯ ಒಂದು ಅಂಗಡಿಯಿಂದ ಹೊಸದು ತರಿಸಿದೆವು. ಇಬ್ಬರು ಹುಡುಗರು ಬಂದು ಹೊಸದನ್ನು ಕೂರಿಸಿ, ಹಳೇದನ್ನು ಏದುಸಿರು ಬಿಡುತ್ತ ಹೊತ್ತುಕೊಂಡು ಹೋದರು. ಹಳೇದರ ಲೆಕ್ಕದಲ್ಲಿ ಬಿಲ್ಲಿನಿಂದ ನಾಲ್ಕು ಸಾವಿರದ ಆಸುಪಾಸು ಕಳೆದರು.

ದುಡ್ಡು ಕೊಡಲು ಅಂಗಡಿಗೆ ಹೋದಾಗ ನೋಡಿದೆ. ಒಳಗಿನ ಮೂಲೆಯಲ್ಲಿ ಹಳೇ ಬ್ಯಾಟರಿಗಳು ಒಂದರ ಮೇಲೊಂದು ಕೂತಿದ್ದವು. ಬೈಕಿನವು, ಕಾರಿನವು, ಟ್ರ್ಯಾಕ್ಟರಿನವು. ಒಂದೆರಡರ ಬುಡದಲ್ಲಿ ನೆಲ ಬೆಳ್ಳಗಾಗಿತ್ತು, ಆಸಿಡ್ ಸೋರಿ. ಇವೆಲ್ಲ ಎಲ್ಲಿಗೆ ಹೋಗ್ತಾವೆ ಅಂತ ಅಂಗಡಿಯವರನ್ನು ಕೇಳಿದೆ.

"ಗಾಡಿ ಬರತೈತ್ರಿ ಅಕ್ಕಾರ, ತೂಕ ಮಾಡಿ ಒಯ್ತಾರ."

"ಯಾರ ಗಾಡಿ? ಕಂಪನಿದಾ?"

"ಒಮ್ಮೊಮ್ಮೆ ಕಂಪನೀದು ಬರತೈತಿ. ಒಮ್ಮೊಮ್ಮೆ ಬ್ಯಾರೆ ಯಾರರ ಬರ್ತಾರ. ಯಾರು ರೇಟ್ ಜಾಸ್ತಿ ಕೊಡ್ತಾರ, ಅವರಿಗೆ ಕೊಡೋದು."

ಅವರು ಸುಳ್ಳು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆದರೆ ಆ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ. ಯಾಕಂದ್ರೆ ಕಂಪನಿಯ ಗಾಡಿಗೂ 'ಬ್ಯಾರೆ ಯಾರದೋ' ಗಾಡಿಗೂ ಇರುವ ವ್ಯತ್ಯಾಸ ಯಾವುದೋ ಊರಿನ ಮಕ್ಕಳ ರಕ್ತದಲ್ಲಿ ಕಾಣಿಸುತ್ತೆ. ಬ್ಯಾಟರಿ ವಿಷಯದಲ್ಲಿ ನಮ್ಮ ದೇಶದ ಕಾನೂನು ಏನು ಮಾಡಲು ಹೊರಟಿದೆ ಅನ್ನೋದು ಅರ್ಥ ಆಗಬೇಕಾದರೆ ಆ ಗಾಡಿಯ ಹಿಂದೆಯೇ ಹೋಗಬೇಕು.

ಮಾರಿದವನೇ ಕೊನೆಗೂ ಹೊಣೆ

ಮೊದಲು ಕಾನೂನಿನ ಒಳಗಿರುವ ಯೋಚನೆ. ಒಂದು ವಸ್ತು ಮಾರಾಟವಾಯ್ತು, ಗ್ಯಾರಂಟಿ ಮುಗೀತು, ಅಲ್ಲಿಗೆ ಕಂಪನಿಯ ಕೆಲಸವೂ ಮುಗೀತು ಅಂತ ನಾವು ಅಂದುಕೊಂಡಿದ್ದೇವೆ. ಆಮೇಲೆ ಅದು ಕಸವಾದಾಗ ಎತ್ತುವವರು ಪಾಲಿಕೆಯವರು. ಅದರ ಖರ್ಚು ನಮ್ಮ ತೆರಿಗೆಯಿಂದ. ಯಾರೂ ಎತ್ತದಿದ್ದರೆ ಮಣ್ಣು, ನೀರು, ಅಕ್ಕಪಕ್ಕದವರ ಮೈ ಅದನ್ನು ತಡೆದುಕೊಳ್ಳಬೇಕು. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಎಂಬ ತಜ್ಞರು ತಮ್ಮ ದೇಶದ ಪರಿಸರ ಇಲಾಖೆಗೆ ಕೊಟ್ಟ ವರದಿಯಲ್ಲಿ ಇದನ್ನು ತಿರುಗಿಸಿ ಹೇಳಿದರು. ವಸ್ತುವನ್ನು ಮಾಡಿ ಮಾರಿದವನೇ ಅದು ಕಸವಾದ ಮೇಲೂ ಅದರ ಹೊಣೆ ಹೊರಬೇಕು. ಆಗ ಮಾತ್ರ ಆತ ಅದನ್ನು ಸುಲಭವಾಗಿ ಬಿಚ್ಚುವ ಹಾಗೆ, ಕಡಿಮೆ ವಿಷ ಇರುವ ಹಾಗೆ ಮಾಡುತ್ತಾನೆ. ಕೊನೆಯ ಖರ್ಚು ತನ್ನ ತಲೆ ಮೇಲೇ ಬರುತ್ತೆ ಅಂತ ಗೊತ್ತಿದ್ದರೆ ಮೊದಲೇ ಜಾಗ್ರತೆ ವಹಿಸುತ್ತಾನೆ, ಅಲ್ವಾ?

ಇದನ್ನೇ 'ಉತ್ಪಾದಕರ ವಿಸ್ತೃತ ಹೊಣೆಗಾರಿಕೆ' ಅನ್ನುತ್ತಾರೆ. ಚಿಕ್ಕದಾಗಿ ಇಪಿಆರ್. ನಮ್ಮಲ್ಲಿ ಪ್ಲಾಸ್ಟಿಕ್, ಟೈರು, ಹಳೇ ಟಿವಿ-ಫೋನು, ಬ್ಯಾಟರಿ ಎಲ್ಲಕ್ಕೂ ಈಗ ಈ ಹೊಣೆ ಇದೆ. ಬ್ಯಾಟರಿಯದ್ದು ಇವುಗಳಲ್ಲಿ ವಿಚಿತ್ರವಾದದ್ದು. ಯಾಕಂದ್ರೆ ಪ್ಲಾಸ್ಟಿಕ್ ಚೀಲವನ್ನು ಬೀದಿಯಿಂದ ಎತ್ತಲು ಯಾರೂ ಬರಲ್ಲ. ಇನ್ವರ್ಟರ್ ಬ್ಯಾಟರಿಯನ್ನು ಎತ್ತಲು ಮೂರು ಮಂದಿ ಪೈಪೋಟಿ ಮಾಡುತ್ತಾರೆ.

ಸೀಸದ ಕತೆ

ನಮ್ಮ ಮನೆ, ಗಾಡಿಗಳಲ್ಲಿರುವ ದೊಡ್ಡ ಬ್ಯಾಟರಿಗಳಲ್ಲಿ ಹೆಚ್ಚಿನವು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಗಳು. 12 ವೋಲ್ಟಿನ ಒಂದು ಡಬ್ಬಿಯಲ್ಲಿ ಆರು ಕೋಣೆ. ಪ್ರತಿ ಕೋಣೆಯಲ್ಲಿ ಸೀಸದ ಪ್ಲೇಟುಗಳು, ನಡುವೆ ಆಸಿಡ್. ಡಬ್ಬಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ.

ಸೀಸಕ್ಕೆ ಎರಡು ಗುಣ. ಎಷ್ಟು ಸಲ ಕರಗಿಸಿದರೂ ಅದು ಸೀಸವೇ. ಹಳೇ ಬ್ಯಾಟರಿಯ ಸೀಸದಿಂದ ಹೊಸ ಬ್ಯಾಟರಿ ಮಾಡಬಹುದು, ಅದು ಸತ್ತರೆ ಮತ್ತೊಂದು. ಇದು ಒಳ್ಳೆ ಗುಣ. ಇನ್ನೊಂದು, ಅದು ಬರೀ 327 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತೆ. ಕಬ್ಬಿಣಕ್ಕೆ ಕುಲುಮೆ ಬೇಕು, ತಿದಿ ಬೇಕು, ಕಮ್ಮಾರನ ಕೈ ಬೇಕು. ಸೀಸಕ್ಕೆ ಕಟ್ಟಿಗೆಯ ಒಲೆ, ಒಂದು ಕಬ್ಬಿಣದ ಕಡಾಯಿ ಸಾಕು. ಎಲ್ಲ ತೊಂದರೆಯೂ ಶುರುವಾಗುವುದು ಇಲ್ಲಿಂದಲೇ. ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ ಯಾರು ಬೇಕಾದರೂ ಸೀಸ ಕರಗಿಸಬಹುದು.

ಅಂಥ ಶೆಡ್ಡಿನಲ್ಲಿ ಏನಾಗುತ್ತೆ ಅಂದ್ರೆ, ಮೊದಲು ಡಬ್ಬಿ ಒಡೆದು ಆಸಿಡ್ಡನ್ನು ನೆಲಕ್ಕೆ ಚೆಲ್ಲುತ್ತಾರೆ. ಆ ಆಸಿಡ್ಡಿನಲ್ಲೂ ಸೀಸ ಬೆರೆತಿರುತ್ತೆ. ಪ್ಲೇಟುಗಳನ್ನು ಕೈಯಲ್ಲೇ ಕಿತ್ತು ಕಡಾಯಿಗೆ ಹಾಕುತ್ತಾರೆ. ಹೊಗೆ ಏಳುತ್ತೆ. ಆ ಹೊಗೆಯಲ್ಲಿರುವ ಸೀಸ ಸಣ್ಣ ಧೂಳಾಗಿ ಅಕ್ಕಪಕ್ಕದ ಹೊಲ, ಅಂಗಳ, ನೀರಿನ ತೊಟ್ಟಿಯ ಮೇಲೆ ಕೂರುತ್ತೆ. ಸೀಸ ಮಣ್ಣಿಗೆ ಸೇರಿದರೆ ಹತ್ತಾರು ವರ್ಷ ಅಲ್ಲೇ ಇರುತ್ತೆ. ಮಳೆಗೆ ತೊಳೆದು ಹೋಗುತ್ತೆ ಅನ್ನೋದು ತಪ್ಪು ನಂಬಿಕೆ. ಕೆಲಸ ಮಾಡಿದವರ ಬಟ್ಟೆಯ ಮೇಲಿನ ಧೂಳು ಸಂಜೆ ಅವರ ಜತೆಗೇ ಮನೆಗೆ ಬರುತ್ತೆ. ಅಪ್ಪ ಬಂದ ಅಂತ ಓಡಿ ಬಂದು ತೊಡೆ ಏರುವ ಮಗುವಿಗೆ ಅದು ಅಂಟುತ್ತೆ.

ಮಕ್ಕಳ ಮಾತು ಸುಮ್ನೆ ತಂದಿದ್ದಲ್ಲ. ನಮ್ಮ ಮೈಗೆ ಸೀಸಕ್ಕೂ ಸುಣ್ಣದಂಶಕ್ಕೂ ವ್ಯತ್ಯಾಸ ಸರಿಯಾಗಿ ತಿಳಿಯಲ್ಲ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅಂದುಕೊಂಡು ಸೀಸವನ್ನು ಒಳಗೆ ಬಿಟ್ಟುಕೊಳ್ಳುತ್ತೆ. ಬೆಳೆಯುವ ಮಕ್ಕಳಿಗೆ ಕ್ಯಾಲ್ಸಿಯಂ ಜಾಸ್ತಿ ಬೇಕು. ಹಾಗಾಗಿ ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಅವರ ಮೈ ಹೀರಿಕೊಳ್ಳುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಸೀಸಕ್ಕೆ ಇಲ್ಲ. ಮೆದುಳಿನ ಬೆಳವಣಿಗೆ ಕುಂಠಿತ ಆಗುತ್ತೆ, ಓದಿನಲ್ಲಿ ಮಗು ಹಿಂದೆ ಬೀಳುತ್ತೆ. ಜ್ವರದ ಹಾಗೆ ಮೈ ಬಿಸಿಯಾಗಿ ತಿಳಿಯುವ ಕಾಯಿಲೆ ಇದಲ್ಲ. ಮಾಸ್ತರರು 'ದಡ್ಡ' ಅಂತ ಬೈದು ಸುಮ್ಮನಾಗುತ್ತಾರೆ, ಅಷ್ಟೇ.

2007ರ ಕೊನೆಯಿಂದ 2008ರ ಮಾರ್ಚ್‌ವರೆಗಿನ ಕೆಲವೇ ತಿಂಗಳಲ್ಲಿ ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ಪಕ್ಕದ ಥಿಯಾರೊಯ್ ಎಂಬಲ್ಲಿ 18 ಮಕ್ಕಳು ಸತ್ತರು. ಅಲ್ಲಿನ ಹೆಂಗಸರು ಹಳೇ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಜರಡಿ ಹಿಡಿದು ಸೀಸದ ಚೂರು ಆರಿಸಿ ಮಾರುತ್ತಿದ್ದರು. ಮಕ್ಕಳು ಅದೇ ಮಣ್ಣಲ್ಲಿ ಆಡುತ್ತಿದ್ದರು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ತಂದ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಇದೆ. ಒಟ್ಟು ಸುಮಾರು 80 ಕೋಟಿ ಮಕ್ಕಳು. ಅವರಲ್ಲಿ ಸುಮಾರು 27.5 ಕೋಟಿ ನಮ್ಮ ದೇಶದವರು. ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಕೆಟ್ಟ ರೀತಿಯಲ್ಲಿ ಬ್ಯಾಟರಿ ಕರಗಿಸುವುದು ಅಂತ ಆ ವರದಿ ಹೇಳಿತು. ಈ ಅಂಕಿ ಓದಿದ ದಿನ ನನಗೆ ಆ ಅಂಗಡಿಯ ಮೂಲೆ ನೆನಪಾಯ್ತು.

ಸರಿಯಾದ ಕಾರ್ಖಾನೆಯಲ್ಲಿ ಇದೇ ಕೆಲಸ ಬೇರೆ ಥರ ನಡೆಯುತ್ತೆ. ಯಂತ್ರ ಬ್ಯಾಟರಿ ಒಡೆಯುತ್ತೆ. ಆಸಿಡ್ಡನ್ನು ಹಿಡಿದಿಟ್ಟು ಅದರ ಸುಡುವ ಗುಣ ತೆಗೆಯುತ್ತಾರೆ. ಪ್ಲಾಸ್ಟಿಕ್ ನೀರಲ್ಲಿ ತೇಲಿ ಬೇರೆಯಾಗುತ್ತೆ. ಮುಚ್ಚಿದ ಕುಲುಮೆಯಲ್ಲಿ ಸೀಸ ಕರಗುತ್ತೆ, ಹೊಗೆ ಬಟ್ಟೆಯ ಚೀಲಗಳ ಮೂಲಕ ಸೋಸಿ ಹೊರಬರುತ್ತೆ. ಇದೆಲ್ಲಕ್ಕೂ ಖರ್ಚಿದೆ. ಶೆಡ್ಡಿನವನಿಗೆ ಈ ಯಾವ ಖರ್ಚೂ ಇಲ್ಲ. ಅದಕ್ಕೇ ಆತ ಅಂಗಡಿಯವರಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಡಬಲ್ಲ. "ಯಾರು ರೇಟ್ ಜಾಸ್ತಿ ಕೊಡ್ತಾರ" ಅನ್ನುವ ಮಾತಿನ ಒಳಗೆ ಇರುವುದು ಈ ಲೆಕ್ಕ.

ಹಾಗಾಗಿ ಸೀಸದ ಬ್ಯಾಟರಿ ವಾಪಸ್ ಬರಲ್ಲ ಅನ್ನೋ ಚಿಂತೆ ನಮಗೆ ಬೇಡ. ಅದು ಬಂದೇ ಬರುತ್ತೆ. ಸರಿಯಾದ ಕುಲುಮೆಗೆ ಹೋಗುತ್ತಾ ಅನ್ನೋದೇ ಪ್ರಶ್ನೆ.

ಬೆಲೆ ಇಲ್ಲದ ಬ್ಯಾಟರಿಗಳು

ಇನ್ನೊಂದು ಗುಂಪಿನ ತೊಂದರೆ ಪೂರ್ತಿ ಉಲ್ಟಾ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ. ಒಳಗೆ ಹಾಕೋದು ಶೆಲ್ಲು. ನಾನು ಹುಟ್ಟಿ ಬೆಳೆದದ್ದು ಹಾವೇರಿ ಕಡೆಯ ಹಳ್ಳಿಯಲ್ಲಿ. ಶೆಲ್ ಮುಗಿದರೆ ಒಂದೆರಡು ದಿನ ಬಿಸಿಲಿಗೆ ಇಡುತ್ತಿದ್ದೆವು. ಆಮೇಲೂ ಬೆಳಗದಿದ್ದರೆ ಕಲ್ಲಿಂದ ಜಜ್ಜಿ ನಡುವಿನ ಕರೀ ಕಡ್ಡಿ ತೆಗೆದು ಗೋಡೆ ಮೇಲೆ ಬರೆಯುತ್ತಿದ್ದೆವು. ಉಳಿದದ್ದು ತಿಪ್ಪೆಗೆ. ತಿಪ್ಪೆ ಮುಂಗಾರಿಗೆ ಮುಂಚೆ ಹೊಲಕ್ಕೆ. ಆಗಿನ ಕಾಲದ ಶೆಲ್ಲುಗಳಲ್ಲಿ ಸತುವಿನ ಜತೆ ಪಾದರಸವನ್ನೂ ಬೆರೆಸುತ್ತಿದ್ದರು ಅಂತ ನನಗೆ ತಿಳಿದದ್ದು ಬಹಳ ವರ್ಷ ಆದ ಮೇಲೆ. ಶೆಲ್ಲನ್ನು ಗುಜರಿಯವರು ಕೊಳ್ಳಲ್ಲ. ಬೆಲೆ ಇಲ್ಲದ ಕಾರಣಕ್ಕೇ ಅದು ಮಣ್ಣು ಸೇರುತ್ತೆ.

ಇವತ್ತು ಶೆಲ್ಲಿನ ಜಾಗದಲ್ಲಿ ಲಿಥಿಯಂ ಬಂದಿದೆ. ಫೋನು, ಇಯರ್‌ಬಡ್ಸ್, ಪವರ್ ಬ್ಯಾಂಕು, ಎಲೆಕ್ಟ್ರಿಕ್ ಸ್ಕೂಟರು. ಇವುಗಳಲ್ಲೂ ಎರಡು ಜಾತಿ. ಕೋಬಾಲ್ಟ್, ನಿಕ್ಕಲ್ ಇರುವವು ದುಬಾರಿ ಲೋಹದವು, ಅವನ್ನು ಕೊಳ್ಳುವವರಿದ್ದಾರೆ. ಇನ್ನೊಂದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಜಾತಿ. ಬೆಂಕಿಯ ಭಯ ಅದರಲ್ಲಿ ಕಡಿಮೆ, ಬಾಳಿಕೆಯೂ ಜಾಸ್ತಿ. ಆದರೆ ಒಳಗಿರುವುದು ಕಬ್ಬಿಣ, ರಂಜಕ. ಸತ್ತ ಮೇಲೆ ಅದನ್ನು ಒಡೆದು ಲಿಥಿಯಂ ತೆಗೆಯುವ ಖರ್ಚಿಗೆ ಹೋಲಿಸಿದರೆ ಸಿಗುವ ಲೋಹದ ಬೆಲೆ ಕಡಿಮೆ. ಮಾರುಕಟ್ಟೆಗೆ ಬಿಟ್ಟರೆ ಇದನ್ನು ಯಾರೂ ಮುಟ್ಟಲ್ಲ.

ಮುಟ್ಟದೆ ಬಿಟ್ಟರೂ ಇದು ಸುಮ್ಮನಿರುವ ಕಸವಲ್ಲ. ಬೆಳಗ್ಗೆ ಬರುವ ಕಸದ ಟಿಪ್ಪರಿಗೆ ಹಳೇ ಪವರ್ ಬ್ಯಾಂಕ್ ಹಾಕಿದರೆ ಅದು ಎಲ್ಲೋ ಒತ್ತಡಕ್ಕೆ ಸಿಕ್ಕಿ ನಜ್ಜುಗುಜ್ಜಾಗುತ್ತೆ. ಒಳಗಿನ ಎರಡು ಪದರ ಒಂದಕ್ಕೊಂದು ತಾಗಿದರೆ ಬಿಸಿ ಏರುತ್ತೆ, ಆ ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತೆ, ಬೆಂಕಿ ಹತ್ತುತ್ತೆ. ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲೋ ಧಾರವಾಡದ ಹೊಸಯಲ್ಲಾಪುರದಲ್ಲೋ ಕಸದ ಗುಡ್ಡ ನೋಡಿದವರಿಗೆ, ಅಲ್ಲಿ ಒಂದು ಕಿಡಿ ಬಿದ್ದರೆ ಏನಾದೀತು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತೂ ಇದೆ. ಲಿಥಿಯಂಗೆ ನಾವು ಬೇರೆ ದೇಶಗಳ ಕಡೆ ನೋಡುತ್ತೇವೆ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂತ ಸುದ್ದಿ ಬಂದಾಗ ಎಲ್ಲರೂ ಖುಷಿಪಟ್ಟೆವು. ಅಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್. ದೇಶದ ಅಗತ್ಯಕ್ಕೆ ಅದು ತೀರಾ ಸಣ್ಣದು. ಬಳಸಿ ಬಿಸಾಡುವ ಬ್ಯಾಟರಿಯೇ ನಮ್ಮ ಮುಂದಿನ ಗಣಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ.

ಹಳೇ ಕಾನೂನು, ಹೊಸ ಕಾನೂನು

ಬ್ಯಾಟರಿಗೆ ಕಾನೂನು ಮೊದಲೂ ಇತ್ತು. 2001ರ ನಿಯಮ ಸೀಸದ ಬ್ಯಾಟರಿಗೆ ಮಾತ್ರ. ಹೊಸದು ಮಾರಿದಷ್ಟಕ್ಕೆ ಲೆಕ್ಕ ಹಾಕಿ ಹಳೇದನ್ನು ವಾಪಸ್ ತರಬೇಕು ಅಂತ ಇತ್ತು. ಮೊದಲ ವರ್ಷ ಶೇ 50, ಎರಡನೇ ವರ್ಷ ಶೇ 75, ಆಮೇಲೆ ಶೇ 90. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಆರು ತಿಂಗಳಿಗೊಮ್ಮೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲೆಕ್ಕ ಬರೆದು ಕೊಡಬೇಕಿತ್ತು. ಕೊಡದವರನ್ನು ಹುಡುಕುವುದು ಕಷ್ಟ, ಕೊಟ್ಟವರ ಲೆಕ್ಕ ನಿಜವಾ ಅಂತ ತಾಳೆ ನೋಡುವುದು ಇನ್ನೂ ಕಷ್ಟ. ಇನ್ನೊಂದು ಕಡೆ ನಗದು ಹಿಡಿದು ನಿಂತ ಶೆಡ್ಡಿನವನ ಗಾಡಿ.

2022ರ ಆಗಸ್ಟಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ತಂದಿತು. ಸೈನ್ಯದ ಅಗತ್ಯಕ್ಕೆ ಮತ್ತು ಬಾಹ್ಯಾಕಾಶಕ್ಕೆ ಹೋಗುವವನ್ನು ಬಿಟ್ಟು ಎಲ್ಲ ಬ್ಯಾಟರಿಯೂ ಇದರೊಳಗೆ ಬಂತು. ನಾಲ್ಕು ಗುಂಪು ಮಾಡಿದರು: ಕೈಯಲ್ಲಿ ಒಯ್ಯುವಂಥ ಸಣ್ಣವು, ಗಾಡಿ ಸ್ಟಾರ್ಟ್ ಮಾಡುವವು, ಕೈಗಾರಿಕೆಯವು, ಎಲೆಕ್ಟ್ರಿಕ್ ವಾಹನದವು. ಸಣ್ಣದು ಅಂದ್ರೆ ಸೀಲ್ ಮಾಡಿದ, 5 ಕಿಲೋಗಿಂತ ಕಡಿಮೆ ತೂಕದ್ದು.

ಈ 5 ಕಿಲೋ ಗೆರೆ ನಮ್ಮ ಜಿಲ್ಲೆಗಳಿಗೆ ಮುಖ್ಯ. ಮೆಣಸಿನಕಾಯಿ, ಹತ್ತಿ ಹೊಲಗಳಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಬ್ಯಾಟರಿ ಪಂಪು ನೋಡಿರುತ್ತೀರಿ. ನಮ್ಮ ಅಣ್ಣನ ಹತ್ತಿರವೂ ಎರಡಿವೆ. ಅದರೊಳಗಿನ ಪುಟ್ಟ ಸೀಸದ ಬ್ಯಾಟರಿ ಎರಡು-ಮೂರು ಕಿಲೋ ತೂಗುತ್ತೆ. ಹಾಗಾಗಿ ಅದು ಕಾನೂನಿನ ಲೆಕ್ಕದಲ್ಲಿ ಮೊಬೈಲ್ ಬ್ಯಾಟರಿಯ ಗುಂಪಿಗೇ ಸೇರುತ್ತೆ. ಎರಡು ಹಂಗಾಮಿಗೆ ಅದು ಸೋಲುತ್ತೆ. ಆಮೇಲೆ ಅಟ್ಟದ ಮೇಲೆ, ಇಲ್ಲವೇ ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತೆ. ಹಳ್ಳಿಗೆ ಬರುವ ಮೋಡಕಾ ಸಾಮಾನಿನವನು, ಅಂದ್ರೆ ಗುಜರಿಯವನು, ಬೆಳ್ಳುಳ್ಳಿ ಕೊಟ್ಟೋ ಪ್ಲಾಸ್ಟಿಕ್ ಬುಟ್ಟಿ ಕೊಟ್ಟೋ ಒಯ್ಯುತ್ತಾನೆ. ಅಲ್ಲಿಂದ ಮುಂದೆ ಅದರ ಜಾಡು ಇಲ್ಲ.

'ಉತ್ಪಾದಕ' ಅಂದ್ರೆ ಯಾರು ಅನ್ನುವುದನ್ನೂ ನಿಯಮ ಬಿಗಿ ಮಾಡಿದೆ. ಬ್ಯಾಟರಿ ಮಾಡುವ ದೊಡ್ಡ ಕಾರ್ಖಾನೆಯಷ್ಟೇ ಅಲ್ಲ, ಬೇರೆಯವರು ಮಾಡಿದ್ದಕ್ಕೆ ತನ್ನ ಹೆಸರು ಹಚ್ಚಿ ಮಾರುವವನೂ ಉತ್ಪಾದಕನೇ. ಹೊರದೇಶದಿಂದ ಬ್ಯಾಟರಿಯನ್ನೋ, ಬ್ಯಾಟರಿ ಇರುವ ವಸ್ತುವನ್ನೋ ತರಿಸಿ ಮಾರುವವನೂ ಉತ್ಪಾದಕನೇ. ಹುಬ್ಬಳ್ಳಿಯ ತಾರಿಹಾಳದಲ್ಲೋ ಗೋಕುಲ ರಸ್ತೆಯಲ್ಲೋ ಒಬ್ಬರು ಚೀನಾದಿಂದ ಲಿಥಿಯಂ ಸೆಲ್ ತರಿಸಿ, ಜೋಡಿಸಿ, ತಮ್ಮ ಸ್ಟಿಕ್ಕರ್ ಹಚ್ಚಿ ಆಟೊಗಳಿಗೆ ಮಾರುತ್ತಾರೆ ಅಂದುಕೊಳ್ಳಿ. ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ಲಿನಲ್ಲಿ ನೋಂದಣಿ ಮಾಡಿಸಲೇಬೇಕು. 'ನಾವು ಸಣ್ಣವರು, ಬರೀ ಜೋಡಿಸೋರು' ಅಂದರೆ ನಡೆಯಲ್ಲ.

ಮುಯ್ಯಾಳಿನ ಲೆಕ್ಕ

ಈಗ ಎಲ್ಲರೂ ತಲೆ ಕೆಡಿಸಿಕೊಳ್ಳುವ ಭಾಗ. ಕಂಪನಿ ತಾನು ಮಾರಿದ ಅದೇ ಬ್ಯಾಟರಿಯನ್ನು ಹುಡುಕಿಕೊಂಡು ಬರಬೇಕಾ? ಬೇಕಿಲ್ಲ. ನಮ್ಮ ಹೊಲಗಳ ಮುಯ್ಯಾಳು ಪದ್ಧತಿ ಗೊತ್ತಿದ್ದರೆ ಇದು ಸುಲಭ. ನೀವು ನಮ್ಮ ಹೊಲಕ್ಕೆ ಒಂದು ದಿನ ಬಂದು ಕಳೆ ತೆಗೆದಿರಿ. ನಿಮ್ಮ ಹೊಲಕ್ಕೆ ನಾನೇ ಬರಬೇಕಿಲ್ಲ, ನಮ್ಮ ಮನೆಯಿಂದ ಒಂದು ಆಳಿನ ಒಂದು ದಿನದ ಕೆಲಸ ವಾಪಸ್ ಬಂದರೆ ಮುಯ್ಯಿ ತೀರಿತು. ಹಾಗೇ, ಕಂಪನಿ ಮಾರುಕಟ್ಟೆಗೆ ಬಿಟ್ಟ ತೂಕಕ್ಕೆ ತಕ್ಕ ತೂಕದ ಲೋಹ ಸರಿಯಾದ ಕುಲುಮೆಯಿಂದ ವಾಪಸ್ ಬರಬೇಕು. ಅದು ಯಾರ ಬ್ರ್ಯಾಂಡಿನ ಬ್ಯಾಟರಿ ಅನ್ನೋದು ಮುಖ್ಯವಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಒಂದು ಕಂಪನಿ ಕೆಲವು ವರ್ಷಗಳ ಹಿಂದೆ 1,000 ಬ್ಯಾಟರಿ ಮಾರಿತ್ತು. ಒಂದೊಂದರಲ್ಲಿ 10 ಕಿಲೋ ಸೀಸ, ಒಟ್ಟು 10,000 ಕಿಲೋ. ಈ ವರ್ಷದ ಗುರಿ ಶೇ 70 ಅಂದರೆ 7,000 ಕಿಲೋ ಸೀಸದ ಮುಯ್ಯಿ ಅದರ ತಲೆ ಮೇಲಿದೆ. ಹಿಂದಿನ ಮಾರಾಟವನ್ನು ಲೆಕ್ಕಕ್ಕೆ ಯಾಕೆ ಹಿಡೀತಾರೆ ಅಂದ್ರೆ, ಇವತ್ತು ಮಾರಿದ್ದು ಸಾಯುವುದು ಇನ್ನು ಕೆಲವು ವರ್ಷಕ್ಕೆ. ಬ್ಯಾಟರಿಯ ಆಯಸ್ಸು ಗುಂಪಿಂದ ಗುಂಪಿಗೆ ಬೇರೆ, ಹಾಗಾಗಿ ಗುರಿ ಶುರುವಾಗುವ ವರ್ಷವೂ ಬೇರೆ.

ನೋಂದಾಯಿತ ಮರುಬಳಕೆ ಕಾರ್ಖಾನೆ ಬ್ಯಾಟರಿ ಒಡೆದು ಇಷ್ಟು ಕಿಲೋ ಸೀಸ, ಇಷ್ಟು ಕಿಲೋ ಲಿಥಿಯಂ ತೆಗೆದೆ ಅಂತ ಪೋರ್ಟಲ್ಲಿಗೆ ಹಾಕುತ್ತೆ. ಅದಕ್ಕೆ ತಕ್ಕ ಪ್ರಮಾಣಪತ್ರ ಹುಟ್ಟುತ್ತೆ. ಕಂಪನಿ ಆ ಪತ್ರವನ್ನು ಕೊಂಡು ತನ್ನ ಮುಯ್ಯಿ ತೀರಿಸುತ್ತೆ. ಇಡೀ ಕಾನೂನಿನ ಜೀವ ಇರುವುದು ಈ ಒಂದು ಕಾಗದದಲ್ಲಿ. ಅದರಿಂದ ಬರುವ ದುಡ್ಡೇ ಸರಿಯಾಗಿ ಕೆಲಸ ಮಾಡುವ ಕಾರ್ಖಾನೆಗೆ ಬಲ. ಶೆಡ್ಡಿನವನು ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಇವರೂ ಅದನ್ನು ಸರಿಗಟ್ಟಬಹುದು. ಬೆಲೆ ಇಲ್ಲದ ಲಿಥಿಯಂ ಬ್ಯಾಟರಿಗೆ ಬೆಲೆ ಹುಟ್ಟುವುದೂ ಇಲ್ಲಿಂದಲೇ.

ಒಡೆದ ಬ್ಯಾಟರಿಯಿಂದ ಕಾರ್ಖಾನೆ ಎಷ್ಟು ತೆಗೆಯಬೇಕು ಅನ್ನುವುದಕ್ಕೂ ಅಳತೆ ಇದೆ. ಸಣ್ಣ ಬ್ಯಾಟರಿ ಮತ್ತು ಎಲೆಕ್ಟ್ರಿಕ್ ವಾಹನದ ಬ್ಯಾಟರಿಯ ಒಣ ತೂಕದಲ್ಲಿ 2024-25ರಲ್ಲಿ ಶೇ 70, ಮುಂದಿನ ವರ್ಷ ಶೇ 80, 2026-27ರಿಂದ ಶೇ 90 ವಾಪಸ್ ಬರಬೇಕು. ಗಾಡಿ ಸ್ಟಾರ್ಟ್ ಮಾಡುವವಕ್ಕೂ ಕೈಗಾರಿಕೆಯವಕ್ಕೂ ಶೇ 55ರಿಂದ ಶುರುವಾಗಿ ಶೇ 60. ಹೊಸ ಬ್ಯಾಟರಿ ಮಾಡುವಾಗ ಇಂತಿಷ್ಟು ಹಳೇ ಲೋಹವನ್ನೇ ಬಳಸಬೇಕು ಅಂತಲೂ ಇದೆ. ಬ್ಯಾಟರಿಯನ್ನು ಕಸದ ಗುಂಡಿಗೆ ಹಾಕುವುದು, ಸುಡುವುದು ಎರಡೂ ನಿಷೇಧ.

ಗುರಿ ಮುಟ್ಟದ ಕಂಪನಿ ಪರಿಸರ ಪರಿಹಾರದ ದುಡ್ಡು ಕಟ್ಟಬೇಕು. ದಂಡ ಕಟ್ಟಿದೆ, ಮುಗೀತು ಅನ್ನುವ ಹಾಗಿಲ್ಲ. ತೀರದ ಮುಯ್ಯಿ ಮೂರು ವರ್ಷದವರೆಗೆ ತಲೆ ಮೇಲೆ ಉಳಿಯುತ್ತೆ. ಒಂದು ವರ್ಷದೊಳಗೆ ತೀರಿಸಿದರೆ ಕಟ್ಟಿದ್ದರಲ್ಲಿ ಶೇ 75 ವಾಪಸ್, ಎರಡನೇ ವರ್ಷ ಶೇ 60, ಮೂರನೇ ವರ್ಷ ಶೇ 40. ತಡ ಮಾಡಿದಷ್ಟೂ ನಷ್ಟ. 2024ರ ತಿದ್ದುಪಡಿ ಇನ್ನೊಂದು ಒಳ್ಳೆ ಕೆಲಸ ಮಾಡಿತು. ಪ್ರಮಾಣಪತ್ರದ ಬೆಲೆ ಈ ಪರಿಹಾರದ ಮೊತ್ತದ ಶೇ 30ಕ್ಕಿಂತ ಕೆಳಗೆ ಇಳಿಯಬಾರದು, ಶೇ 100ನ್ನು ಮೀರಬಾರದು. ಪತ್ರ ತೀರಾ ಅಗ್ಗವಾದರೆ ಕಾರ್ಖಾನೆಗೆ ಏನೂ ಉಳಿಯಲ್ಲ. ನಮ್ಮ ರೈತರ ಬೆಂಬಲ ಬೆಲೆಯ ಹಿಂದಿರುವ ತರ್ಕವೇ ಇದು.

ಭಯ ಇರುವುದೂ ಈ ಕಾಗದದಲ್ಲೇ. ಪ್ಲಾಸ್ಟಿಕ್ಕಿನ ಇಪಿಆರ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು 2023ರಲ್ಲಿ ಕೇಂದ್ರ ಮಂಡಳಿಯೇ ಪತ್ತೆ ಹಚ್ಚಿತು. ಅವನ್ನು ಹುಟ್ಟಿಸಿದವರಲ್ಲಿ ಕರ್ನಾಟಕದ ಘಟಕವೂ ಇತ್ತು. ಒಂದು ಕಿಲೋ ಪ್ಲಾಸ್ಟಿಕ್ಕನ್ನೂ ಕರಗಿಸದೆ ಕಂಪ್ಯೂಟರಿನಲ್ಲಿ ಟನ್ನುಗಟ್ಟಲೆ ತೋರಿಸಬಹುದು ಅನ್ನುವುದು ಅಲ್ಲಿ ಕಂಡಿತು. ಬ್ಯಾಟರಿಯಲ್ಲಿ ಸುಳ್ಳು ಲೆಕ್ಕ ಕೊಟ್ಟರೆ ನೋಂದಣಿ ರದ್ದು, ಜತೆಗೆ ಪರಿಹಾರದ ದುಡ್ಡು ಅಂತ ನಿಯಮ ಹೇಳುತ್ತೆ. ನನ್ನ ಪ್ರಕಾರ ಇಷ್ಟು ಸಾಲದು. ಕಾರ್ಖಾನೆಗೆ ಒಳಬಂದ ಬ್ಯಾಟರಿಯ ತೂಕದ ಚೀಟಿ, ಉರಿದ ಕರೆಂಟಿನ ಬಿಲ್ಲು, ಹೊರಹೋದ ಸೀಸದ ಜಿಎಸ್‌ಟಿ ಬಿಲ್ಲು, ಈ ಮೂರನ್ನೂ ಯಾರಾದರೂ ಪಕ್ಕಪಕ್ಕ ಇಟ್ಟು ನೋಡಬೇಕು. ಕುಲುಮೆ ಉರಿಯದೆ ಸೀಸ ಬರಲ್ಲ. ಉರಿದರೆ ಬಿಲ್ಲು ಬಂದೇ ಬರುತ್ತೆ.

ಯುರೋಪಿನವರು ಬೇರೆ ದಾರಿಯಲ್ಲೂ ನಡೆದಿದ್ದಾರೆ. ಅವರ 2023ರ ಬ್ಯಾಟರಿ ಕಾನೂನು ಸಣ್ಣ ಬ್ಯಾಟರಿಗಳಲ್ಲಿ ಶೇ 63ನ್ನು 2027ರ ಕೊನೆಯೊಳಗೆ ಸಂಗ್ರಹಿಸಲು ಹೇಳಿದೆ. ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೆ 2027ರ ಫೆಬ್ರುವರಿಯಿಂದ 'ಪಾಸ್‌ಪೋರ್ಟ್' ಬರುತ್ತೆ. ಒಂದು ಕ್ಯೂಆರ್ ಕೋಡ್ ತೋರಿಸಿದರೆ ಒಳಗೆ ಯಾವ ಲೋಹ ಎಷ್ಟಿದೆ ಅಂತ ತಿಳಿಯುತ್ತೆ. ನಮ್ಮಲ್ಲೂ 2025ರ ಫೆಬ್ರುವರಿಯ ತಿದ್ದುಪಡಿ ಕಂಪನಿಯ ಇಪಿಆರ್ ನೋಂದಣಿ ಸಂಖ್ಯೆಯನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡಿನಲ್ಲಿ ಹಾಕಲು ಅವಕಾಶ ಕೊಟ್ಟಿದೆ.

ನಮ್ಮ ಮನೆಯ ಕಡೆಯಿಂದ

ಈ ಸರಪಳಿಯ ಮೊದಲ ಕೊಂಡಿ ನಾವು. ಬ್ಯಾಟರಿಯನ್ನು ಮನೆಯ ಕಸದ ಜತೆ ಬೆರೆಸಬಾರದು, ಸಂಗ್ರಹ ಮಾಡುವವರಿಗೋ ಮರುಬಳಕೆ ಮಾಡುವವರಿಗೋ ಕೊಡಬೇಕು ಅಂತ 2022ರ ನಿಯಮ ನಮಗೂ ಹೊಣೆ ಹಾಕಿದೆ. ಆದರೆ ಕೊಡಲು ಜಾಗ ಬೇಕಲ್ಲ? 2016ರ ಘನತ್ಯಾಜ್ಯ ನಿಯಮದಲ್ಲೇ ಬಳಸಿದ ಬ್ಯಾಟರಿಯನ್ನು 'ಮನೆಯ ಅಪಾಯಕಾರಿ ಕಸ' ಅಂತ ಹೆಸರಿಸಿದ್ದರು. ಅದನ್ನು ತಂದು ಕೊಡಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು ಅಂತಲೂ ಬರೆದಿದ್ದರು. ಹುಬ್ಬಳ್ಳಿ-ಧಾರವಾಡದ ವಿಸ್ತಾರ 200 ಚದರ ಕಿಲೋಮೀಟರ್ ದಾಟುತ್ತೆ. ಅಂದ್ರೆ ಆ ಲೆಕ್ಕದಲ್ಲಿ ಅವಳಿ ನಗರಕ್ಕೆ ಕಡಿಮೆ ಅಂದರೂ ಹತ್ತು ಕೇಂದ್ರ ಬೇಕಿತ್ತು. ನಿಮ್ಮ ವಾರ್ಡಿಗೆ ಹತ್ತಿರದ್ದು ಎಲ್ಲಿದೆ ಅಂತ ಕಾರ್ಪೊರೇಟರನ್ನು ಕೇಳಿ. ಗದಗ-ಬೆಟಗೇರಿಯವರೂ ಕೇಳಿ, ಹಾವೇರಿ, ರಾಣೆಬೆನ್ನೂರಿನವರೂ ಕೇಳಿ. ಹಳ್ಳಿಗಳಲ್ಲಿ ಕೃಷಿ ಸೊಸೈಟಿಯಲ್ಲೇ ಪಂಪಿನ ಬ್ಯಾಟರಿಗೆ ಒಂದು ಡ್ರಮ್ ಇಟ್ಟರೆ ಎಷ್ಟು ಚೆನ್ನ! ಗೊಬ್ಬರ ತರಲು ರೈತರು ಹೇಗೂ ಅಲ್ಲಿಗೆ ಬರುತ್ತಾರೆ.

ಹೊಸ ಬ್ಯಾಟರಿ ಕೊಳ್ಳುವಾಗ ಮೇಲಿನ ಚೀಟಿ ನೋಡಿ. ಗಾಲಿ ಇರುವ ಕಸದ ಡಬ್ಬಿಯ ಮೇಲೆ ಅಡ್ಡಗೆರೆ ಎಳೆದ ಚಿತ್ರ ಇರಬೇಕು. ಸೀಸ ಜಾಸ್ತಿ ಇದ್ದರೆ 'ಪಿಬಿ', ಕ್ಯಾಡ್ಮಿಯಂ ಜಾಸ್ತಿ ಇದ್ದರೆ 'ಸಿಡಿ' ಅನ್ನುವ ಇಂಗ್ಲಿಷ್ ಅಕ್ಷರಗಳು ಇರಬೇಕು. ತೂಕದಲ್ಲಿ ಶೇ 0.0005ಕ್ಕಿಂತ ಜಾಸ್ತಿ ಪಾದರಸ ಇರುವ ಬ್ಯಾಟರಿಯನ್ನು ಮಾರುವಂತೆಯೇ ಇಲ್ಲ. ಹೆಸರಿಲ್ಲದ, ಚೀಟಿಯಿಲ್ಲದ ಅಗ್ಗದ ಬ್ಯಾಟರಿ ಕೊಂಡರೆ ಅದರ ಮುಯ್ಯಿ ತೀರಿಸಲು ಯಾರೂ ಇರಲ್ಲ.

ಫೋನಿನ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ತಗಡಿನ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರೊಳಗೆ ಇಟ್ಟು, ಮನೆಯ ಹೊರಗೆ ನೆರಳಲ್ಲಿ ಇಡಿ. ಮೊದಲು ಅದರ ತುದಿಗಳಿಗೆ ವೈರಿಂಗ್ ಟೇಪ್ ಸುತ್ತಿ. ಸತ್ತ ಶೆಲ್ಲುಗಳನ್ನೂ ಹೀಗೇ ಒಂದು ಡಬ್ಬಿಯಲ್ಲಿ ಕೂಡಿಡಬಹುದು.

ಇನ್ವರ್ಟರ್ ಬ್ಯಾಟರಿ ಬದಲಿಸುವಾಗ ಮಾತ್ರ ಒಂದು ಪ್ರಶ್ನೆ ಕೇಳದೆ ಬಿಡಬೇಡಿ. ಹಳೇ ಬ್ಯಾಟರಿಯ ತೂಕ, ಅದಕ್ಕೆ ಕಳೆದ ದುಡ್ಡು, ಅದು ಯಾರಿಗೆ ಹೋಗುತ್ತೆ ಅನ್ನುವುದು ಬಿಲ್ಲಿನಲ್ಲಿ ಇದೆಯಾ? ನನ್ನ ಬಿಲ್ಲಿನಲ್ಲಿ ಬರೀ 'ಎಕ್ಸ್‌ಚೇಂಜ್' ಅಂತ ಇತ್ತು. ಮೊನ್ನೆ ಮತ್ತೆ ಆ ಅಂಗಡಿಗೆ ಹೋಗಿದ್ದೆ, ಪಕ್ಕದ ಮನೆಯವರ ಬ್ಯಾಟರಿ ಕೊಡಿಸಲು. ಕಂಪನಿಯ ಗಾಡಿಗೇ ಕೊಡಿ, ರಸೀದಿಯ ಫೋಟೊ ಕಳಿಸಿ ಅಂದೆವು.

"ಕಂಪನಿಯವರು ತಿಂಗಳಿಗೊಮ್ಮೆ ಬರ್ತಾರ್ರಿ. ಅಲ್ಲಿ ತನಕ ಇಟ್ಕೊಂಡಿರ್ಬೇಕು, ರೊಕ್ಕಾನೂ ಕಡಿಮಿ."

"ಎಷ್ಟು ಕಡಿಮಿ?"

"ಒಂದ್ ಇನ್ನೂರ್ ಹಿಡೀರಿ."

ಆ ಇನ್ನೂರು ನಾವೇ ಬಿಟ್ಟುಕೊಡ್ತೀವಿ ಅಂತ ಪಕ್ಕದ ಮನೆಯವರು ಹೇಳಿದರು. ಇಪ್ಪತ್ತು ದಿನ ಬಿಟ್ಟು ರಸೀದಿಯ ಫೋಟೊ ಬಂತು. ಅದರಲ್ಲಿ ತೂಕ ಇತ್ತು, ಒಯ್ದ ಕಾರ್ಖಾನೆಯ ಹೆಸರಿತ್ತು, ಕೆಳಗೆ ನೋಂದಣಿ ಸಂಖ್ಯೆ ಇತ್ತು.